ಮೆಷಿನ್ ನಿಂತ ಸಾಲು

ಜನವರಿ ೯

ಮಗಳೇ,

ಕ್ಷೇಮಸಮಾಚಾರ ಕೊನೆಗಿರಲಿ, ಮೊದಲು ಜಗಳ. ಅಮ್ಮನ ಹೊಲಿಗೆ ಮೆಷಿನನ್ನು ವಾಪಸ್ ಕಳಿಸು.

ನಗಬೇಡ. ಸೂಜಿಗೆ ದಾರ ಪೋಣಿಸಲು ಬಾರದ ಈ ಮುದುಕನಿಗೆ ಮೆಷಿನ್ ಯಾಕೆ ಅಂತ ತಾನೇ? ಅಮ್ಮನನ್ನು ಮಣ್ಣು ಮಾಡಿ ಬಂದ ವಾರವೇ ನೀನು ಅದನ್ನು ಗಾಡಿಗೆ ಹಾಕಿಸಿಕೊಂಡು ಹೊರಟೆ. ನಾನು ಒಂದು ಮಾತೂ ಆಡಲಿಲ್ಲ, ನೀನೂ ಆಡಲಿಲ್ಲ. ಅದು ನಿನ್ನದೇ, ಅಮ್ಮ ನಿನಗೇ ಅಂತ ಹೇಳಿದ್ದಳು. ಆದರೆ ಅದು ಮನೆಯಿಂದ ಹೋದ ದಿನದಿಂದ ನನ್ನ ಕೆಲಸ ನಿಂತಿದೆ.

ನಮ್ಮ ಮನೆಯ ಪದ್ಧತಿ ನೋಡುತ್ತಲೇ ಬೆಳೆದವಳು ನೀನು. ನಾನು ಗ್ರೀಕ್ ಮೂಲವನ್ನು ಮುಂದಿಟ್ಟುಕೊಂಡು ಸುವಾರ್ತೆಯ ಒಂದು ಸಾಲನ್ನು ಕನ್ನಡಕ್ಕೆ ತರಬೇಕು, ಗಟ್ಟಿಯಾಗಿ ಓದಬೇಕು, ಪಕ್ಕದ ಕೋಣೆಯಲ್ಲಿ ಅಮ್ಮ ಹೊಲಿಯುತ್ತಾ ಕೇಳಬೇಕು. ಮೆಷಿನ್ ಓಡುತ್ತಲೇ ಇದ್ದರೆ ಸಾಲು ಪಾಸು. ನಿಂತರೆ ಫೇಲು. ಅವಳು "ಯಾರ್ರೀ ಹಾಗೆ ಮಾತಾಡ್ತಾರೆ?" ಅಂತ ಕೂಗುವ ಮುಂಚೆಯೇ ನಾನು ಹೊಡೆದು ಹಾಕಿರುತ್ತಿದ್ದೆ. ಮನೆಯಲ್ಲಿ, ಬೀದಿಯಲ್ಲಿ ನಾವು ಆಡುವ ಕನ್ನಡದಲ್ಲೇ ಅದು ಇರಬೇಕು ಅನ್ನುವುದು ಇಬ್ಬರದೂ ಹಟ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹಿಡಿದುಕೊಂಡು ಅರ್ಧ ಆಯುಷ್ಯ ಕಳೆದೆವು ಅಂತ ನೀನು ಆಡಿಕೊಳ್ಳುತ್ತಿದ್ದೆ.

ಮೊದಲ ಕರಡನ್ನು ಅಮ್ಮ ಕೇಳಿ ಮುಗಿಸಿದ್ದಳು. ಈಗ ಶುದ್ಧಪ್ರತಿ. ಪ್ರೆಸ್ ಇಟ್ಟಿರುವ ನನ್ನ ಹಳೆ ಶಿಷ್ಯ, "ಬೇಸಿಗೆ ಮುಗಿಯೋದ್ರೊಳಗೆ ಕೊಡಿ ಮೇಷ್ಟ್ರೇ, ನಾನೇ ಅಚ್ಚು ಹಾಕ್ತೀನಿ" ಅಂದಿದ್ದಾನೆ. ಮೊದಲಿನಿಂದ ಮತ್ತೆ ಓದಬೇಕು. ಓದಿದರೆ ಮನೆ ಸುಮ್ಮನಿರುತ್ತದೆ. ಅಂದರೆ ಎಲ್ಲ ಸಾಲೂ ಫೇಲು. ಗಡಿಯಾರಕ್ಕೆ ಓದಿ ನೋಡಿದೆ, ಅದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಹಾಗೆ ಯಾರು ಬಂದರೂ ಪಾಸು ಮಾಡುತ್ತದೆ. ಪಕ್ಕದ ಮನೆ ಪೋಸ್ಟ್‌ಮಾಸ್ಟರಿಗೆ ಓದಿದೆ, ಅವರು ಕೂತಲ್ಲೇ ನಿದ್ದೆ ಹೋದರು.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಮೆಷಿನ್ ಕಳಿಸು.

ಇಂತಿ, ಸುಮ್ಮನಿರುವ ಮನೆಯಿಂದ,
ಅಪ್ಪ


ಜನವರಿ ೨೧

ಅಪ್ಪ,

ಮೆಷಿನ್ ಕಳಿಸುವುದಿಲ್ಲ. ಅದೇ ನನ್ನ ಅನ್ನ. ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವ ಅಂಗಡಿ ಅದರ ಮೇಲೇ ನಿಂತಿದೆ. ಅಂಗಡಿ ಅಂದರೆ ಒಂದು ಕೋಣೆ, ಒಂದು ಕಿಟಕಿ, ಬಟ್ಟೆ ಕತ್ತರಿಸುವ ಒಂದು ಮೇಜು, ನಾನು, ಮತ್ತೆ ಗುಂಡಿ ಅಕ್ಕ. ಅಂಗಿಗಳಿಗೆ ಗುಂಡಿ ಹಾಕುವುದು ಅವರ ಕೆಲಸ, ಅದಕ್ಕೇ ಆ ಹೆಸರು. ವಯಸ್ಸಿನಲ್ಲಿ ನನಗೆ ದೊಡ್ಡಮ್ಮನಾಗಬೇಕು, ಆದರೆ ಅಕ್ಕ ಅಂತಲೇ ಕರೆಯಬೇಕಂತೆ.

ಜಗಳ ಶುರು ಮಾಡಿದವರು ನೀವು, ಹಾಗಾಗಿ ನನ್ನದೂ ಹೇಳಿಬಿಡುತ್ತೇನೆ. ಅಮ್ಮನ ಮಣ್ಣಿನ ದಿನ ನೀವು ಪಾದ್ರಿಗಳ ಕೈಯಿಂದ ಆ ಹಳೆಯ ದೊಡ್ಡ ಅನುವಾದವನ್ನು ಇಸಿದುಕೊಂಡು ಓದಿದಿರಿ. ಅಮ್ಮ ಅಷ್ಟು ವರ್ಷ ಕೇಳಿ ಪಾಸು ಮಾಡಿದ ನಿಮ್ಮ ಸಾಲು ಒಂದೂ ಅವಳಿಗೆ ಸಿಗಲಿಲ್ಲ. "ಯಾರ್ರೀ ಹಾಗೆ ಮಾತಾಡ್ತಾರೆ?" ಅಂತ ನಾನೇ ಕೂಗಿಬಿಡುತ್ತಿದ್ದೆ. ಅದಕ್ಕೇ ಮಾತಾಡದೆ ಬಂದೆ.

ಆಯಿತು, ಹೇಳಿದೆ, ಹೊಟ್ಟೆ ಹಗುರಾಯಿತು. ಈಗ ಕೇಳಿ. ಮೆಷಿನ್ ನಿಮ್ಮ ಹತ್ತಿರ ಬರುವುದಿಲ್ಲ, ಹಾಳೆಗಳು ಮೆಷಿನ್ ಹತ್ತಿರ ಬರಲಿ. ಗುಂಡಿ ಅಕ್ಕ ದಿನಾ ಪೇಪರನ್ನು ಬೀದಿಗೆಲ್ಲ ಕೇಳುವ ಹಾಗೆ ಓದುತ್ತಾರೆ. ಅವರು ನಿಮ್ಮದನ್ನು ಓದುತ್ತಾರೆ, ನಾನು ಹೊಲಿಯುತ್ತೇನೆ. ಮೆಷಿನ್ ನಿಂತ ಕಡೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದು ವಾಪಸ್ ಕಳಿಸುತ್ತೇನೆ.

ಮಂಡಿಗೆ ಬಿಸಿನೀರು ಇಡಿ.

ಮಗಳು


ಫೆಬ್ರವರಿ ೩

ಮಗಳೇ,

ಮೊದಲ ಅಧ್ಯಾಯಗಳನ್ನು ಕಳಿಸಿದ್ದೇನೆ. ಗುಂಡಿ ಅಕ್ಕನವರಿಗೆ ಹೇಳು, ನಾಟಕ ಮಾಡಿ ಓದಬಾರದು, ಪೇಪರಿನ ಸುದ್ದಿ ಓದಿದ ಹಾಗೆಯೇ ಓದಬೇಕು. ಕೆಟ್ಟ ಸಾಲನ್ನು ಒಳ್ಳೆಯ ಗಂಟಲು ಕಾಪಾಡಿಬಿಡುತ್ತದೆ.

ನಿನ್ನ ಎರಡನೇ ಪ್ಯಾರಾವನ್ನೂ ಓದಿದೆ, ಎರಡು ಸಲ.

ಇಂತಿ, ಪರೀಕ್ಷೆಗೆ ಕೂತ ಮೇಷ್ಟ್ರು,
ಅಪ್ಪ


ಫೆಬ್ರವರಿ ೧೪

ಅಪ್ಪ,

ಫಲಿತಾಂಶ ಇದರ ಜೊತೆಗಿದೆ. ಬೆಸ್ತರು ಬಲೆ ಬಿಟ್ಟು ಹೊರಟದ್ದು ಪಾಸು. ಜ್ವರ ಬಂದ ಅತ್ತೆ ಎದ್ದು ಅಡುಗೆಗೆ ನಿಂತದ್ದು ಪಾಸು, ಆದರೆ ಗುಂಡಿ ಅಕ್ಕ ಅಲ್ಲಿ, "ಪಾಪ, ಒಂದು ದಿನ ಮಲಗೋಕೆ ಬಿಡಬಾರದಿತ್ತಾ?" ಅಂತ ಹತ್ತು ನಿಮಿಷ ಬೈದರು. ಇನ್ನೊಂದು ದೂರು: "ಇವರೆಲ್ಲ ಏನು ಮಾಡಿದ್ರೂ ತಕ್ಷಣ, ಕೂಡಲೇ ಅಂತಾರಲ್ಲ, ಯಾವ ಬಸ್ಸು ತಪ್ಪುತ್ತೆ ಇವರಿಗೆ?"

ನೀಲಿ ಗೆರೆಗಳನ್ನು ನೋಡಿಕೊಳ್ಳಿ. ಬರುತ್ತೇನೆ, ಒಬ್ಬ ತಾಯಿ ಮೂರು ಮಕ್ಕಳನ್ನು ಅಳತೆಗೆ ಕರೆತಂದಿದ್ದಾರೆ, ಮೂರೂ ಮೇಜಿನ ಕೆಳಗೆ ಸೇರಿಕೊಂಡಿವೆ.

ಮಗಳು


ಮಾರ್ಚ್ ೨

ಮಗಳೇ,

ಆ ಅವಸರ ನನ್ನದಲ್ಲ, ಮೂಲ ಬರೆದವನದು. ಅವನು ಕೂತು ಬರೆದವನೇ ಅಲ್ಲ ಅನ್ನಿಸುತ್ತದೆ. ನಾನು ಅವನನ್ನು ನಿಧಾನ ಮಾಡಲಾರೆ ಅಂತ ಅಕ್ಕನವರಿಗೆ ತಿಳಿಸು.

ಉಳಿದ ಗೆರೆಗಳೆಲ್ಲ ನ್ಯಾಯವೇ, ತಿದ್ದಿದ್ದೇನೆ. ಒಂದು ಮಾತ್ರ ನನ್ನನ್ನು ತಿಂದು ಹಾಕಿತು. ನಾಲ್ಕು ಜನ ಮನೆಯ ಮೇಲಿನ ಮಾಡು ಬಿಚ್ಚಿ, ಕಾಯಿಲೆಯವನನ್ನು ಚಾಪೆ ಸಮೇತ ಇಳಿಸುವ ಸಾಲು. ನೀನು ಅಲ್ಲಿ ಗೆರೆ ಎಳೆದಿದ್ದೀಯ, ಅದೂ ದಪ್ಪಗೆ. ಬರೆದೆ, ಹೊಡೆದೆ, ಬರೆದೆ. ಕಸದ ಬುಟ್ಟಿ ತುಂಬಿತು. ಮಾಡು ಸರಿಯಿಲ್ಲವೋ ಚಾಪೆ ಸರಿಯಿಲ್ಲವೋ ತಿಳಿಯದೆ, ಪೋಸ್ಟ್‌ಮಾಸ್ಟರ ಮನೆಗೆ ಹೋಗಿ ಅವರ ಏಣಿ ಹತ್ತಿ ಮಾಡು ನೋಡಿಬಂದೆ. ಈ ಮಂಡಿ ಇಟ್ಟುಕೊಂಡು! ಕೊನೆಗೆ ಒಂದು ರೂಪಕ್ಕೆ ಬಂದಿದ್ದೇನೆ, ಕೆಳಗೆ ಬರೆದಿದ್ದೇನೆ. ಇದೂ ಫೇಲಾದರೆ ಆ ರೋಗಿಯನ್ನು ಬಾಗಿಲಿನಿಂದಲೇ ಒಳಗೆ ಕಳಿಸುತ್ತೇನೆ.

ಇಂತಿ,
ಏಣಿಯಿಂದ ಕ್ಷೇಮವಾಗಿ ಇಳಿದ ಅಪ್ಪ


ಮಾರ್ಚ್ ೮

ಅಯ್ಯೋ ಅಪ್ಪ!

ಆ ಸಾಲಿಗೆ ಏನೂ ಆಗಿರಲಿಲ್ಲ. ಮೆಷಿನ್ ನಿಂತದ್ದು ಬಾಬಿನ್‌ನಲ್ಲಿ ದಾರ ಮುಗಿದದ್ದಕ್ಕೆ! ನಿಂತರೆ ಗೆರೆ ಎಳೆಯಬೇಕು ಅಂತ ನಾನೂ ಪೆದ್ದಿಯ ಹಾಗೆ ಎಳೆದುಬಿಟ್ಟೆ. ಮೊದಲಿದ್ದದ್ದೇ ಚೆನ್ನಾಗಿತ್ತು, ಹಾಗೇ ಇಡಿ. ಇನ್ನುಮೇಲೆ ಸಾಲಿಗೆ ನಿಂತರೆ ಮಾತ್ರ ಗೆರೆ. ದಾರ ಮುಗಿದದ್ದು, ಗಿರಾಕಿ ಬಂದದ್ದು ನನ್ನ ತಲೆನೋವು. ಏಣಿ ಹತ್ತಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಈಗ ಒಂದು ಗುಟ್ಟು ಹೇಳಲಾ? ಅಮ್ಮನ ಮೆಷಿನ್ ನಿಂತದ್ದೆಲ್ಲ ನಿಮ್ಮ ಸಾಲಿಗಲ್ಲ. ಹಾಲು ಉಕ್ಕಿದರೆ ನಿಲ್ಲಿಸುತ್ತಿದ್ದಳು. ಕಾಲು ಮರಗಟ್ಟಿದರೆ ನಿಲ್ಲಿಸುತ್ತಿದ್ದಳು. ನೀವು ಈಚೆಯಿಂದ "ಸರಿ ಸರಿ, ತಿದ್ತೀನಿ ಕಣೇ" ಅಂತ ಕೂಗುತ್ತಿದ್ದಿರಿ. ನಾನು ಹೇಳಹೋದರೆ ಅಮ್ಮ ಬಾಯಿಗೆ ಬೆರಳಿಟ್ಟು ನಗುತ್ತಿದ್ದಳು. "ಇರಲಿ ಬಿಡೇ, ಇನ್ನೊಂದು ಸಲ ಬರೆದರೆ ಕೈಯೇನು ಸವೆಯಲ್ಲ" ಅನ್ನುತ್ತಿದ್ದಳು.

ನಿಮ್ಮ ಪೆದ್ದಿ


ಮಾರ್ಚ್ ೧೫

ಪೆದ್ದಿಗೆ,

ಹಾಗಾದರೆ ಅರ್ಧ ಪುಸ್ತಕ ಹಾಲು ಉಕ್ಕಿದ್ದಕ್ಕೆ ತಿದ್ದಿದ್ದು! ನಿನ್ನ ಕಾಗದ ಹಿಡಿದುಕೊಂಡು ಒಬ್ಬನೇ ನಕ್ಕೆ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾನು ನಕ್ಕದ್ದು ಇದೇ ಮೊದಲು. ಅವಳ ಕುರ್ಚಿಯ ಕಡೆ ತಿರುಗಿ "ಕಳ್ಳಿ" ಅಂತ ಬೈದೂ ಬಿಟ್ಟೆ.

ಮುಂದಿನ ಹಾಳೆಗಳು ಇಲ್ಲಿವೆ. ಇದರಲ್ಲಿ ನಿನ್ನ ಕಸುಬಿನದೂ ಒಂದಿದೆ, ಉಡುಪಿನ ಅಂಚು ಮುಟ್ಟಿದ ಹೆಂಗಸಿನ ಕಥೆ.

ಇಂತಿ, ಮೋಸ ಹೋದವನು,
ಅಪ್ಪ


ಮಾರ್ಚ್ ೨೬

ಅಪ್ಪ,

ಅಂಚಿನ ಹೆಂಗಸಿನ ಕಥೆ ಪೂರ್ತಿ ಓದಿದರೂ ಮೆಷಿನ್ ಒಮ್ಮೆಯೂ ನಿಲ್ಲಲಿಲ್ಲ. ಅವತ್ತು ನಾನು ಹೊಲಿಯುತ್ತಿದ್ದದ್ದೂ ಅಂಚೇ. ಅಷ್ಟು ವರ್ಷ ವೈದ್ಯರ ಹತ್ತಿರ ಸುತ್ತಿ ಸಾಕಾಗಿ, ಜನರ ಮಧ್ಯೆ ನುಗ್ಗಿ, ಬರೀ ಬಟ್ಟೆ ಮುಟ್ಟಿದರೂ ಸಾಕು ಅಂದುಕೊಂಡಳಲ್ಲ, ಗುಂಡಿ ಅಕ್ಕ ಅಲ್ಲೇ ಕನ್ನಡಕ ತೆಗೆದು ಕೆಳಗಿಟ್ಟರು. ಅವರ ತಂಗಿಗೂ ಹಾಗೇ ಆಗಿತ್ತಂತೆ.

ಆದರೆ ಕಣ್ಣೊರೆಸಿಕೊಂಡ ಕೂಡಲೇ ಹಾಳೆ ತಿರುಗಿಸಿದರು, ಹಿಂದೆ ನೋಡಿದರು, ಲಕೋಟೆ ಕೊಡವಿದರು. "ಅಲ್ಲಮ್ಮಾ, ಈ ಹೆಂಗಸು ಮಧ್ಯೆ ಬಂದೋಳು. ಮೊದಲು ಒಬ್ಬ ಅಪ್ಪ ಬಂದು, ಮಗಳು ಸಾಯ್ತಾ ಇದಾಳೆ ಬನ್ನಿ ಅಂತ ಕಾಲು ಹಿಡ್ಕೊಂಡಿದ್ದನಲ್ಲ? ಎಲ್ಲರೂ ಅವನ ಮನೆಗೇ ತಾನೇ ಹೊರಟಿದ್ದು? ಆ ಹುಡುಗಿ ಏನಾದ್ಲು?"

ಒಂದು ಹಾಳೆ ಬಿಟ್ಟುಹೋಗಿದೆ ಅಪ್ಪ. ಕಳಿಸುತ್ತೀರಾ?

ಮಗಳು


ಏಪ್ರಿಲ್ ೨೦

ಮಗಳೇ,

ತಡವಾಯಿತು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿ ಮಾಡಿಸಿದೆ. ಮೇಷ್ಟ್ರುಗಳ ಸಂಘದವರು ಬಂದು ಭಾಷಣಕ್ಕೆ ಕರೆದರು, ಒಲ್ಲೆ ಅಂದೆ. ಪೋಸ್ಟ್‌ಮಾಸ್ಟರು ಒಂದು ಬೆಕ್ಕು ಸಾಕಿದ್ದಾರೆ, ಅದು ನಮ್ಮ ಮನೆಯಲ್ಲೇ ಇರುತ್ತದೆ.

ಆರನೇ ಅಧ್ಯಾಯ ಇದರ ಜೊತೆಗಿದೆ. ಮುಂದುವರಿಸಿ.

ಅಪ್ಪ


ಏಪ್ರಿಲ್ ೨೮

ಅಪ್ಪ,

ಗುಂಡಿ ಅಕ್ಕ ಮುಷ್ಕರ ಹೂಡಿದ್ದಾರೆ. ಆರನೇ ಅಧ್ಯಾಯವನ್ನು ಮುಟ್ಟಿಯೂ ನೋಡಲಿಲ್ಲ. "ಹುಡುಗೀನ ಹಾಸಿಗೆ ಮೇಲೆ ಬಿಟ್ಟು ಮುಂದೆ ಹೋಗೋಕೆ ನನ್ನ ಕೈಲಾಗಲ್ಲ. ಮೇಷ್ಟ್ರಿಗೆ ಹಾಗಂತ ಬರಿ" ಅಂದರು.

ಅವರಿಗೆ ನಾನು ಏನೂ ಹೇಳಿಲ್ಲ. ಆದರೆ ನನಗೆ ಗೊತ್ತು ಅಪ್ಪ. ಆ ಹಾಳೆ ಕಳೆದಿಲ್ಲ. ನೀವು ಬರೆದೇ ಇಲ್ಲ.

ಹಳೆಯ ಅನುವಾದ ಇಲ್ಲೂ ಒಂದಿದೆ. ತೆಗೆದು ಓದಿಬಿಟ್ಟರೆ ಗುಂಡಿ ಅಕ್ಕನ ಬಾಯಿ ಮುಚ್ಚುತ್ತದೆ. ತೆಗೆಯಲಿಲ್ಲ. ನಿಮ್ಮದೇ ಬರಲಿ ಅಂತ ಕಾಯುತ್ತಿದ್ದೇನೆ.

ಮಗಳು


ಮೇ ೧೯

ಮಗಳೇ,

ಪ್ರೆಸ್ಸಿನವನಿಗೆ ನಿನ್ನೆ ಹೇಳಿಬಂದೆ, ಪುಸ್ತಕ ಬೇಡ ಅಂತ. ಪಾಪ, ಕಾಗದ ಕೊಂಡು ಪೇರಿಸಿಟ್ಟಿದ್ದಾನೆ. "ಅರ್ಧ ಹಾಳೆ ತಾನೇ ಮೇಷ್ಟ್ರೇ, ಸಂಜೆ ಕೂತು ಬರೆದುಬಿಡಿ" ಅಂದ. ಅವನಿಗೆ ಕ್ಲಾಸಿನಲ್ಲೂ ಎಲ್ಲವೂ ಸಂಜೆ ಕೂತು ಬರೆದುಬಿಡುವುದೇ ಆಗಿತ್ತು. ಅದೊಂದನ್ನು ಬಿಟ್ಟು ಅಚ್ಚು ಹಾಕುವಂತಿಲ್ಲ. ಮೂಲವನ್ನು ಕತ್ತರಿಸುವ ಹಕ್ಕು ನನಗಿಲ್ಲ. ಬರೆಯಲೂ ಆಗುವುದಿಲ್ಲ. ಹಾಗಾಗಿ ಪುಸ್ತಕವೇ ಬೇಡ.

ಗ್ರೀಕ್ ಕಷ್ಟದ್ದಲ್ಲ. ಎರಡನೇ ವರ್ಷದ ಹುಡುಗ ಮಾಡಬಹುದು. ಒಬ್ಬ ಅಪ್ಪ. ಅವನ ಮಗಳಿಗೆ ಹನ್ನೆರಡು ವರ್ಷ. ಬರೆದವನು ಎಲ್ಲದರಲ್ಲೂ ಅವಸರ ಮಾಡುತ್ತಾನೆ, ವಯಸ್ಸನ್ನು ಮಾತ್ರ ನಿಂತು ಹೇಳುತ್ತಾನೆ. ನಮ್ಮ ಗುಬ್ಬಿ, ನಿನ್ನ ತಂಗಿ, ಹೋದಾಗ ಅವಳಿಗೂ ಹನ್ನೆರಡೇ. ಮನೆಯಿಂದ ಜನ ಬಂದು, ಮುಗಿಯಿತು, ಇನ್ನು ಯಾಕೆ ಗುರುಗಳಿಗೆ ತೊಂದರೆ ಅನ್ನುತ್ತಾರೆ. ಆದರೂ ಆ ಗುರು ಒಳಗೆ ಹೋಗುತ್ತಾನೆ. ಅವಳ ಕೈ ಹಿಡಿದು ಏಳು ಅನ್ನುತ್ತಾನೆ. ಅವಳು ಎದ್ದು ಓಡಾಡುತ್ತಾಳೆ.

ನಾನೂ ಕೈ ಹಿಡಿದುಕೊಂಡೇ ಇದ್ದೆ, ಮಗಳೇ.

ಸಿಟ್ಟು ಅಂದುಕೊಳ್ಳಬೇಡ. ಸಿಟ್ಟು ಯಾವತ್ತೋ ತೀರಿತು. ಆ ಅಪ್ಪನ ಮೇಲೆ ಹೊಟ್ಟೆಕಿಚ್ಚು ಅನ್ನು, ಒಪ್ಪುತ್ತೇನೆ. ಅವನು ಕೇಳಿದ, ಅವನಿಗೆ ಸಿಕ್ಕಿತು. ಅದನ್ನು ನನ್ನ ಕೈಯಾರೆ, ನಮ್ಮ ಮನೆಯ ಮಾತಿನಲ್ಲಿ ಬರೆದು, ಪಕ್ಕದ ಕೋಣೆಯಲ್ಲಿ ಕೂತಿದ್ದ ನಿನ್ನ ಅಮ್ಮನಿಗೆ ಗಟ್ಟಿಯಾಗಿ ಹೇಗೆ ಓದಲಿ? ಮೊದಲ ಕರಡಿನಲ್ಲೂ ಹಾರಿಸಿದೆ. ಅಂಚಿನ ಹೆಂಗಸಿನಿಂದ ನೇರ ಆರನೇ ಅಧ್ಯಾಯಕ್ಕೆ ಹೋದೆ. ಮೆಷಿನ್ ಓಡುತ್ತಲೇ ಇತ್ತು. ಅವಳಿಗೆ ತಿಳಿಯಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಗುಂಡಿ ಅಕ್ಕನವರಿಗೆ ನನ್ನ ನಮಸ್ಕಾರ ಹೇಳು. ಅವರ ಮುಷ್ಕರ ನ್ಯಾಯವಾದದ್ದು.

ನಿನ್ನ
ಅಪ್ಪ


ಮೇ ೨೭

ಅಪ್ಪ,

ಅಮ್ಮನಿಗೆ ತಿಳಿದಿತ್ತು.

ಅವಳು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ನೀವು ಔಷಧಿ ತರಲು ಹೋಗಿದ್ದಾಗ, ತಾನಾಗಿಯೇ ಹೇಳಿದಳು. "ನಿಮ್ಮಪ್ಪ ನಂಗೆ ಒಂದು ಹಾಳೆ ಓದಿಲ್ಲ ಕಣೇ. ಅವರು ಹಾರಿಸಿದ್ದು ಗೊತ್ತಾಯ್ತು, ನಾನು ಮೆಷಿನ್ ಓಡಿಸ್ತಾನೇ ಇದ್ದೆ. ನಿಲ್ಲಿಸಿದ್ದಿದ್ರೆ ಅವರು ಓದಬೇಕಾಗ್ತಿತ್ತು." ಆಮೇಲೆ, "ಈಗಾದ್ರೆ ಕೇಳ್ತೀನಿ. ಕೇಳೋಣ ಅನ್ಸುತ್ತೆ. ಆದ್ರೆ ನಾನಾಗಿ ಕೇಳಲ್ಲ" ಅಂದಳು. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಳ್ಳಲಿಲ್ಲ, ನಾನೇ ಹೇಳದೆ ಇದ್ದೆ. ಈಗ ಹೇಳುತ್ತಿದ್ದೇನೆ.

ನೀವಿಬ್ಬರೂ ಒಬ್ಬರಿಗೊಬ್ಬರು ಕಾವಲು ಕೂತು ಅಷ್ಟು ವರ್ಷ ಕಳೆದಿರಿ. ಅದನ್ನು ನೆನೆದರೆ ನನಗೆ ಬೈಯಬೇಕು ಅನ್ನಿಸುತ್ತದೆ, ಮುದ್ದೂ ಬರುತ್ತದೆ.

ಅವಳ ಮಣ್ಣಿನ ದಿನ ನೀವು ಹಳೆಯ ಅನುವಾದ ಯಾಕೆ ಓದಿದಿರಿ ಅಂತ ನಿಮ್ಮ ಕಾಗದ ಓದಿದ ಮೇಲೆ ಅರ್ಥವಾಯಿತು. ನಿಮ್ಮ ಸಾಲುಗಳು ಮನೆಯ ಮಾತು. ಅದನ್ನು ಓದಹೊರಟಿದ್ದರೆ ನಾಲ್ಕು ಜನರ ಮುಂದೆ ನಿಮ್ಮ ದನಿ ಉಳಿಯುತ್ತಿರಲಿಲ್ಲ. ದೊಡ್ಡ ಮಾತುಗಳ ಹಿಂದೆ ನಿಂತುಕೊಂಡಿರಿ. ನನ್ನ ಸಿಟ್ಟು ಹೋಯಿತು ಅಪ್ಪ. ಪೂರ್ತಿ ಹೋಯಿತು.

ಹಾಳೆ ಬರೆಯಿರಿ ಅಂತ ಒತ್ತಾಯ ಮಾಡುವುದಿಲ್ಲ. ಒಂದು ನೆನಪು ಮಾತ್ರ ಬರೆಯುತ್ತೇನೆ. ನೀವು ದಿನಾ ಬೆಳಿಗ್ಗೆ ನಮ್ಮ ಕೋಣೆಗೆ ಬರುತ್ತಿದ್ದಿರಿ. ನಾನು ಒಂದೇ ಕೂಗಿಗೆ ಏಳುತ್ತಿದ್ದೆ. ಗುಬ್ಬಿ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಆಗ ಅವಳ ಪಕ್ಕ ಮಂಚದ ಮೇಲೆ ಕೂತು, ಕೈ ಹಿಡಿದೆತ್ತಿ, "ಏಳು ಮರೀ, ಬೆಳಗಾಯ್ತು" ಅನ್ನುತ್ತಿದ್ದಿರಿ. ಅಷ್ಟೇ. ಪಾಠ ಹೇಳುವ ದನಿಯಲ್ಲ. ನಮಗಿಬ್ಬರಿಗೆ ಮಾತ್ರ ಇದ್ದ ದನಿ. ಅವಳು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು, ಎಚ್ಚರವಾಗಿಯೇ ಇರುತ್ತಿದ್ದಳು. ಕೈ ಹಿಡಿಯಲಿ ಅಂತ ಕಾಯುತ್ತಿದ್ದಳು.

ಮೆಷಿನ್‌ಗೆ ಎಣ್ಣೆ ಬಿಟ್ಟಿದ್ದೇನೆ. ಗುಂಡಿ ಅಕ್ಕ ಕನ್ನಡಕ ಒರೆಸಿ ಇಟ್ಟಿದ್ದಾರೆ. ಯಾವಾಗ ಬಂದರೂ ಸರಿ, ಬಾರದಿದ್ದರೂ ಸರಿ.

ನಿಮ್ಮ ಮಗಳು


ಜೂನ್ ೨೨

ಮಗಳೇ,

ಹಾಳೆ ಇದರ ಜೊತೆಗಿದೆ. ಕೈ ಹಿಡಿದವನು ಆಡುವ ಮಾತಿಗೆ ನಾನು ನಿಘಂಟು ತೆಗೆಯಲಿಲ್ಲ. ನಿಮ್ಮ ಕೋಣೆಗೆ ಹೋಗಿ ಗುಬ್ಬಿಯ ಮಂಚದ ಮೇಲೆ ಕೂತು ಬರೆದೆ. ಅವಳಿಗೆ ಹೇಳುತ್ತಿದ್ದದ್ದನ್ನೇ ಬರೆದೆ. ಪಂಡಿತರು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ.

ಬರೆದ ಮೇಲೆ ಅಮ್ಮನ ಕುರ್ಚಿಗೆ ಒಮ್ಮೆ ಗಟ್ಟಿಯಾಗಿ ಓದಿದೆ. ತಡವಾಯಿತು ಕಣೇ ಅಂದೆ. ಇನ್ನು ನಿನ್ನ ಸರದಿ. ಎಂದಿನ ಹಾಗೆಯೇ ಆಗಲಿ, ಅಕ್ಕನವರು ಓದಲಿ, ನೀನು ಹೊಲಿ. ನಿಂತರೆ ಗೆರೆ ಎಳೆ. ದಯೆ ತೋರಿಸಬೇಡ.

ಅಪ್ಪ


ಜೂನ್ ೩೦

ಅಪ್ಪ,

ಎಂದಿನ ಹಾಗೆಯೇ ಮಾಡಿದೆವು. ಒಂದು ಬಿಳಿ ಅಂಗಿಯ ಕಾಲರ್ ನನ್ನ ಕೈಯಲ್ಲಿತ್ತು. ಗುಂಡಿ ಅಕ್ಕ ಬೀದಿಗೆ ಕೇಳುವ ದನಿಯಲ್ಲೇ ಶುರು ಮಾಡಿದರು. ಮನೆಯಲ್ಲಿ ಜನ ಗೋಳಾಡುವ ಹೊತ್ತಿಗೆ ದನಿ ಇಳಿಯಿತು. ಮೆಷಿನ್ ಓಡುತ್ತಿತ್ತು. ಗುರು ಎಲ್ಲರನ್ನೂ ಆಚೆ ಕಳಿಸಿ, ಹುಡುಗಿಯ ಅಪ್ಪ ಅಮ್ಮನನ್ನು ಮಾತ್ರ ಕರೆದುಕೊಂಡು ಒಳಗೆ ಹೋದ, ಓಡುತ್ತಿತ್ತು. ನಿಮ್ಮ "ಏಳು ಮರೀ" ಬಂತು. ನಾನು ಹಲ್ಲು ಕಚ್ಚಿ ಪೆಡಲ್ ತುಳಿದೆ. ಅಲ್ಲೂ ನಿಲ್ಲಲಿಲ್ಲ. ಅವಳು ಎದ್ದಳು, ಓಡಾಡಿದಳು, ಗುಂಡಿ ಅಕ್ಕ "ಸದ್ಯ!" ಅಂದರು. ಗೆದ್ದೆ ಅಂದುಕೊಂಡೆ.

ಆಮೇಲೆ ಆ ಕೊನೆಯ ಸಾಲು. ಹುಡುಗಿಗೆ ಏನಾದರೂ ತಿನ್ನಲು ಕೊಡಿ ಅಂತ ಮನೆಯವರಿಗೆ ಹೇಳುತ್ತಾನಲ್ಲ, ಅದು.

ಮೆಷಿನ್ ನಿಂತಿತು. ದಾರ ಮುಗಿದಿರಲಿಲ್ಲ, ಗಿರಾಕಿ ಬಂದಿರಲಿಲ್ಲ.

ನಿಮಗೆ ಗೊತ್ತಿರಲಾರದು. ಗುಬ್ಬಿ ಹೋದ ದಿನ ನೀವು ಅವಳ ಮಂಚ ಬಿಟ್ಟು ಎದ್ದಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಬ್ರೆಡ್ಡು ಕೊಯ್ದು, ಹಾಲು ಬಿಸಿ ಮಾಡಿ, ಸಕ್ಕರೆ ಹಾಕಿ, ಗುಬ್ಬಿಯ ನೀಲಿ ಬಟ್ಟಲಿಗೆ ಬಡಿಸಿ ತಟ್ಟೆ ಮುಚ್ಚಿಟ್ಟಳು. "ಜ್ವರ ಬಿಟ್ಟ ತಕ್ಷಣ ಹಸಿವಾಗುತ್ತೆ ಅವಳಿಗೆ. ಎದ್ದ ಕೂಡ್ಲೇ ಕೇಳ್ತಾಳೆ ನೋಡು" ಅಂದಳು. ಗುಬ್ಬಿಯನ್ನು ಮಣ್ಣು ಮಾಡಿ ಬಂದ ಮೇಲೂ ಆ ಬಟ್ಟಲು ಹಾಗೇ ಇತ್ತು. ಬಂದ ನೆಂಟರು ಯಾರೂ ಮುಟ್ಟದ ಹಾಗೆ ಅಮ್ಮ ಅದರ ಮುಂದೆಯೇ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನಾನೇ ತೊಳೆದೆ.

ಅಮ್ಮನಿಗೆ ಈ ಸಾಲು ಬೇಕಿತ್ತು ಅಪ್ಪ. ಆ ಮನೆಯಲ್ಲೂ ಊಟದ ಯೋಚನೆ ಮಾಡಿದವರು ಒಬ್ಬರಿದ್ದರು ಅಂತ ಅವಳು ಕೇಳಿಸಿಕೊಳ್ಳಬೇಕಿತ್ತು. ನಾನು ಕೇಳಿಸಿಕೊಂಡೆ. ಕಾಲರ್ ಮೇಲೆ ತಲೆಯಿಟ್ಟು ಅತ್ತೆ. ಆ ಅಂಗಿಯನ್ನು ಮತ್ತೆ ಒಗೆಯಬೇಕಾಯಿತು.

ನಿಯಮದ ಪ್ರಕಾರ ಗೆರೆ ಎಳೆದಿದ್ದೇನೆ. ತಿದ್ದಬೇಡಿ. ಒಂದಕ್ಷರವನ್ನೂ ತಿದ್ದಬೇಡಿ.

ನಿಮ್ಮ ಮಗಳು

ಗುಂಡಿ ಅಕ್ಕ ಆರನೇ ಅಧ್ಯಾಯ ಕೈಗೆತ್ತಿಕೊಂಡಿದ್ದಾರೆ.


ಜುಲೈ ೭

ಮಗಳೇ,

ತಿದ್ದಲಿಲ್ಲ. ನೀಲಿ ಗೆರೆ ಇದ್ದ ಹಾಳೆಯನ್ನೇ ತೆಗೆದುಕೊಂಡು ಹೋಗಿ ಪ್ರೆಸ್ಸಿನವನಿಗೆ ಕೊಟ್ಟೆ. "ಇಲ್ಲೇನೋ ಗುರುತಿದೆಯಲ್ಲ ಮೇಷ್ಟ್ರೇ, ಬದಲಾಯಿಸಬೇಕಾ?" ಅಂದ. ಇಲ್ಲಪ್ಪ, ಅದು ಪಾಸಾದ ಗುರುತು ಅಂದೆ. ಉಳಿದ ಅಧ್ಯಾಯಗಳು ಬರುವವರೆಗೆ ಕಾಯುತ್ತಾನಂತೆ.

ಬಟ್ಟಲಿನ ವಿಷಯ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ. ಆ ನೀಲಿ ಬಟ್ಟಲು ಇನ್ನೂ ಇದೆ, ಕಪಾಟಿನ ಮೇಲಿನ ಸಾಲಿನಲ್ಲಿ, ಹಿಂದುಗಡೆ. ಇಳಿಸಿ ನೋಡಿದೆ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೇನೆ.

ಉಳಿದದ್ದನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ನಾನೇ ಬರುತ್ತೇನೆ. ನಾನೇ ಓದುತ್ತೇನೆ, ಗುಂಡಿ ಅಕ್ಕನವರಿಗೆ ಗುಂಡಿ ಹಾಕಲು ಬಿಡುವು ಸಿಗಲಿ. ಮೆಷಿನ್ ಪಕ್ಕದಲ್ಲಿ ಒಂದು ಕುರ್ಚಿ ಇಡು.

ಬಸ್ಸು ತಡವಾದೀತು. ನನಗಾಗಿ ಕಾಯದೆ ನೀನು ಊಟ ಮಾಡು. ನನ್ನದನ್ನು ಮುಚ್ಚಿಡು. ಬಂದು ತಿನ್ನುತ್ತೇನೆ.

ಅಪ್ಪ